ಮಾರ್ಗಪ್ರಮಾಣವೂ ವಾಹನಭಾರವೂ

ಸಂಚರಿಸುವುದರ ಗಾತ್ರವನ್ನು ನೋಡಿ ದಾರಿಯನ್ನು ವಿಧಿಸುವ ಕ್ರಮವು ನಮ್ಮಲ್ಲಿ ಪ್ರಾಚೀನವಾದುದು. ಕೌಟಿಲ್ಯನು ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಮನುಷ್ಯರಿಗೂ ಕ್ಷುದ್ರಪಶುಗಳಿಗೂ 2 ಅರತ್ನಿ, ದನಗಳಿಗೆ 4, ರಥಗಳಿಗೆ 5, ಆನೆಗಳಿಗೆ 2 ದಂಡ, ಎಂದರೆ 8 ಅರತ್ನಿ, ಅಗಲದ ಮಾರ್ಗಗಳನ್ನು ಹೇಳಿರುವನು. ಹಿರಿದಾದುದಕ್ಕೆ ಬೇರೆ ದಾರಿ ಎಂಬುದೇ ಇದರ ತಾತ್ಪರ್ಯ.

ನಂಜನಗೂಡಿನ ಕಪಿಲಾಸೇತುವೆಯ ಚರಿತ್ರೆ ಇದನ್ನೇ ಸಮರ್ಥಿಸುತ್ತದೆ. ದಳವಾಯಿ ದೇವರಾಜಯ್ಯನ ಕಾಲದಲ್ಲಿ, 1735ರಲ್ಲಿ, ಕಟ್ಟಿದ ಈ ಕಲ್ಲುಸೇತುವೆಯು ಎತ್ತಿನ ಬಂಡಿಗಳ ಯುಗದ್ದು. 19ನೆಯ ಶತಮಾನದ ಅಂತ್ಯಭಾಗದಲ್ಲಿ ಮೀಟರ್‌ಗೇಜ್ ರೈಲುದಾರಿಯೂ ಇದನ್ನೇ ಆಶ್ರಯಿಸಿತು. ಒಂದೇ ಸೇತುವೆ ರಸ್ತೆಯನ್ನೂ ರೈಲನ್ನೂ ಬಹುಕಾಲ ಹೊತ್ತಿತು. ಬ್ರಾಡ್‌ಗೇಜ್ ಬಂದಾಗ ರೈಲಿಗೆ ಪ್ರತ್ಯೇಕ ಸೇತುವೆಯನ್ನು ಕಟ್ಟಲಾಯಿತು, ಹಳೆಯದು ಉಳಿಯಿತು.

ಈ ಕಪಿಲೆಯೇ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುವುದು. ಅಲ್ಲಿಗೆ ಸಮೀಪವಾದ, ವ್ಯಾಸರಾಜಮಠದಿಂದ ಪ್ರಖ್ಯಾತವಾದ ಸೋಸಲೆಯಂಥ ಗ್ರಾಮಗಳ ಬೀದಿಗಳು ಕಾಲ್ನಡೆಗೂ ಬಂಡಿಗೂ ಹುಟ್ಟಿದವು. ಭಾರದ ಲಾರಿಗೆ ಹುಟ್ಟಿದವಲ್ಲ. ಲಾರಿಯಿಲ್ಲದೆ ರೈತನ ಫಸಲು ಪೇಟೆಯನ್ನು ಸೇರದೆಂಬುದೂ ಸತ್ಯವೇ. ಆದುದರಿಂದ ಬೇಕಾದುದು ನಿಷೇಧವಲ್ಲ, ವಿಭಾಗ. 1988ರ ಮೋಟಾರು ವಾಹನ ಕಾಯಿದೆಯ 115ನೆಯ ಪ್ರಕರಣವು, ರಸ್ತೆಯ ಅಥವಾ ಸೇತುವೆಯ ಸ್ಥಿತಿಯನ್ನು ನೋಡಿ ವಾಹನಗಳನ್ನು ನಿರ್ಬಂಧಿಸುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿದೆ. ಶಾಸ್ತ್ರವೂ ಶಾಸನವೂ ಇಲ್ಲಿ ಏಕವಾಕ್ಯವಾಗಿವೆ, ಉಳಿದಿರುವುದು ಅನುಷ್ಠಾನವೊಂದೇ.