ರೇಡಿಯಂ ವಾಚು

ಮೊನ್ನೆ ಆಫೀಸಿನಲ್ಲಿ ಗೆಳೆಯನೊಬ್ಬ ಹರಾಜಿಗೆ ಬಂದ ವಾಚೊಂದರ ಫೋಟೋ ತೋರಿಸಿದ. ಪನೆರಾಯ್ ಕಂಪನಿಯದು, ಲಿಮಿಟೆಡ್ ಎಡಿಷನ್, ಇಟಲಿಯ ನೌಕಾಪಡೆಯ ಹೆಸರು ಹೊತ್ತದ್ದು. "ಈ ದುಡ್ಡಲ್ಲಿ ನಿಮ್ಮೂರಲ್ಲಿ ಎಷ್ಟು ಬೋರ್‌ವೆಲ್ ಕೊರೆಸಬಹುದೋ?" ಅಂತ ನಕ್ಕ. ಬೋರ್‌ವೆಲ್ ಅಂದಕೂಡಲೇ ನನಗೆ ಅಪ್ಪನ ವಾಚು ನೆನಪಾಯಿತು.

ಪನೆರಾಯ್ 1860ರಲ್ಲಿ ಫ್ಲಾರೆನ್ಸ್‌ನಲ್ಲಿ ಶುರುವಾದ ಗಡಿಯಾರದ ಅಂಗಡಿ. ನೌಕಾಪಡೆಗೆ ಕತ್ತಲಲ್ಲಿ ಓದಬಲ್ಲ ಉಪಕರಣಗಳು ಬೇಕಿದ್ದವು. ರೇಡಿಯಂ ಬೆರೆಸಿದ ಹೊಳೆಯುವ ಪುಡಿಗೆ ಇವರಿಟ್ಟ ಹೆಸರು ರೇಡಿಯೋಮಿರ್. 1916ರ ಪೇಟೆಂಟ್ ದಾಖಲೆಯಲ್ಲಿ ಅದು ಸಿಗುತ್ತದೆ. 1936ರಲ್ಲಿ ಮುಳುಗುಗಾರರಿಗಾಗಿ ವಾಚಿನ ಮಾದರಿ ತಯಾರಾಯಿತು. ಒಳಗಿನ ಯಂತ್ರ, ಹೊರಗಿನ ಕವಚ ಎರಡೂ ರೋಲೆಕ್ಸ್‌ನದು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಪಕ್ಕಾ ಔಟ್‌ಸೋರ್ಸಿಂಗ್!

ಇಂಥ ವಾಚು ಕಟ್ಟಿದ ಪಡೆ ಎಂಥದ್ದು ಅಂದರೆ, 1941ರ ಡಿಸೆಂಬರ್‌ನಲ್ಲಿ ಅದರ ಆರು ಜನ ಅಲೆಕ್ಸಾಂಡ್ರಿಯಾ ಬಂದರಿಗೆ ರಾತ್ರಿ ನೀರೊಳಗೆ ನುಸುಳಿ ಬ್ರಿಟಿಷರ ಎರಡು ಯುದ್ಧನೌಕೆಗಳ ಅಡಿಯಲ್ಲಿ ಸಿಡಿತಲೆ ಇಟ್ಟರು. ಕ್ವೀನ್ ಎಲಿಜಬೆತ್, ವೇಲಿಯಂಟ್ ಎರಡೂ ಕೂತೇಬಿಟ್ಟವು. ಆರೂ ಜನ ಸೆರೆಯಾದರು. ಅವರಿಗೆ ವಾಚು ಶೋಕಿಯಲ್ಲ, ಸಲಕರಣೆ. ಸಾರ್ವಜನಿಕರಿಗೆಂದು ಪನೆರಾಯ್ ವಾಚು ಮಾಡಿದ್ದು 1993ರಲ್ಲಿ, ಅದೂ ಲೆಕ್ಕಕ್ಕೆ ಇಷ್ಟೇ ಅಂತ. ಆ ಕೆಲಸದ ಕಾಲ ಮುಗಿದ ಮೇಲೆ ಅದು ಐಷಾರಾಮವಾಯಿತು.

ನಮ್ಮದು ಶ್ರೀನಿವಾಸಪುರ ತಾಲ್ಲೂಕು. ಮಾವಿನ ಸೀಮೆ, ವರ್ಷವಿಡೀ ಹರಿಯುವ ನದಿಯಿಲ್ಲ. ಆದರೂ ಅಪ್ಪನಿಗೆ ಕತ್ತಲಲ್ಲಿ ಕಾಣುವ ವಾಚು ಬೇಕಿತ್ತು. ಪಂಪ್‌ಸೆಟ್‌ಗೆ ತ್ರೀ ಫೇಸ್ ಕರೆಂಟ್ ಬರ್ತಿದ್ದದ್ದೇ ನಡುರಾತ್ರಿ. ಯಾವ ಮಡಿಗೆ ಎಷ್ಟು ಹೊತ್ತು ನೀರು ಬಿಟ್ಟೆ, ಇನ್ನೆಷ್ಟು ಹೊತ್ತು ಕರೆಂಟ್ ಇರುತ್ತೆ ಅನ್ನೋದು ಗೊತ್ತಾಗಬೇಕು. ಒಂದು ಕೈಯಲ್ಲಿ ಸನಿಕೆ, ಇನ್ನೊಂದರಲ್ಲಿ ಬ್ಯಾಟರಿ ಹಿಡಿದು ಆಗುವ ಕೆಲಸವಲ್ಲ. ಅದಕ್ಕೇ ಎಚ್‌ಎಂಟಿ ಪೈಲಟ್ ಕೊಂಡಿದ್ದರು. ಕಪ್ಪು ಡಯಲ್, ಹೊಳೆಯುವ ಅಂಕಿಗಳು. ಅದರಲ್ಲಿ ರೇಡಿಯಂ ಇತ್ತೆಂದಲ್ಲ. ಕೋಲಾರ, ಮುಳಬಾಗಿಲು ರಸ್ತೆಯಲ್ಲಿ ಲಾರಿಗೆ ಸ್ಟಿಕರ್ ಅಂಟಿಸುವವರದ್ದೂ ರೇಡಿಯಂ ಅಂಗಡಿಯೇ ಅಲ್ವಾ? ಹೊಳೆದರೆ ರೇಡಿಯಂ, ಅಷ್ಟೇ.

ಎಚ್‌ಎಂಟಿ ಜಪಾನಿನ ಸಿಟಿಜನ್ ಜೊತೆ ಸೇರಿ ಬೆಂಗಳೂರಿನಲ್ಲಿ ವಾಚು ಕಾರ್ಖಾನೆ ಹಾಕಿದ್ದು 1961ರಲ್ಲಿ. ಒಟ್ಟು ಹತ್ತು ಕೋಟಿಗೂ ಹೆಚ್ಚು ವಾಚು ಮಾಡಿದರು. ಲಿಮಿಟೆಡ್ ಎಡಿಷನ್‌ಗೆ ತದ್ವಿರುದ್ಧ. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸರ್ಕಾರ ತೀರ್ಮಾನಿಸಿತು. ಆಮೇಲೆ ನಮ್ಮಂಥವರಿಗೆ ಇದ್ದಕ್ಕಿದ್ದಂತೆ ಅದರ ಮೇಲೆ ಪ್ರೀತಿ ಬಂತು.

ನನಗೂ ಬಂತು. ಅಪ್ಪನ ಅರವತ್ತಕ್ಕೆ ಸರ್‌ಪ್ರೈಸ್ ಕೊಡೋಣ ಅಂತ, ಕೆಟ್ಟು ನಿಂತಿದ್ದ ವಾಚನ್ನು ಬೆಂಗಳೂರಿನ ಒಂದು ಅಂಗಡಿಗೆ ಕೊಟ್ಟೆ. ಗಾಜು, ಡಯಲ್, ಮುಳ್ಳು ಎಲ್ಲ ಹೊಸದು ಮಾಡಿಕೊಟ್ಟರು. ಥಳಥಳ ಅಂತಿತ್ತು. ಅಪ್ಪ ಕಿವಿಗಿಟ್ಟು ಕೇಳಿದರು, ತಿರುಗಿಸಿ ನೋಡಿದರು. "ಚೆನ್ನಾಗೈತೆ. ಆದ್ರೆ ಇದು ನಂದಲ್ಲಪ್ಪ" ಅಂದರು.

ವಯಸ್ಸಾಯ್ತು, ಹಾಗಂತಾರೆ ಅಂದುಕೊಂಡಿದ್ದೆ. ಮೊನ್ನೆ ಹರಾಜಿನ ವಾಚುಗಳ ಬಗ್ಗೆ ಓದುತ್ತಾ ಕೂತಾಗ ತಿಳಿಯಿತು, ಕೊಳ್ಳುವವರು ಮೊದಲು ಕೇಳೋದೇ ಡಯಲ್ ಮೂಲದ್ದೇ ಅಂತ. ಹಳೆಯ ರೇಡಿಯಂ ಕಂದಾಗಿ ಹೊಳಪು ಸತ್ತಿದ್ದರೂ ಪರವಾಗಿಲ್ಲ. ಹೊಸದಾಗಿ ಬಣ್ಣ ಬಳಿದಿದ್ದರೆ ಬೆಲೆ ಬಿತ್ತು. ಅಂದಹಾಗೆ ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಮೊದಲು ಸೋಲೋದು ಅದರ ಜೊತೆ ಬೆರೆಸಿದ ಸತುವಿನ ಪುಡಿ.

ಅಂಗಡಿಗೆ ವಾಪಸ್ ಹೋಗಿ ಹಳೇ ಡಯಲ್ ಕೇಳಿದೆ. "ಅದನ್ನ ಯಾರ್ ಇಟ್ಕೋತಾರೆ ಸಾರ್?" ಅಂದರು.

ವಾಚು ಈಗ ನನ್ನ ಕೈಯಲ್ಲಿದೆ. ರಾತ್ರಿ ಕರೆಂಟ್ ಬಂದರೆ ಅಪ್ಪ ಮೊಬೈಲ್ ನೋಡುತ್ತಾರೆ.