ಮೇವಿನ ಗುಡ್ಡಕ್ಕೆ ಮರಳಿ ಬಂದ ಕಾಡು



ಕಾಡು ಕಡಿದು ಹುಲ್ಲುಗಾವಲು ಮಾಡಿದ ಕಥೆ ನೀವು ಬೇಕಾದಷ್ಟು ಕೇಳಿದ್ದೀರಿ. ಹುಲ್ಲುಗಾವಲೇ ಮತ್ತೆ ಕಾಡಾಗಿ, ಅದರಿಂದ ನಾಲ್ಕು ಕಾಸೂ ಬಂದ ಕಥೆ ಇವತ್ತಿನದು. ನಡೆದದ್ದು ನ್ಯೂಜಿಲೆಂಡ್ ದೇಶದ ಬ್ಯಾಂಕ್ಸ್ ಪರ್ಯಾಯ ದ್ವೀಪದಲ್ಲಿ.

ಅದು ಗುಡ್ಡಗಾಡು ಸೀಮೆ. 1840ರಲ್ಲಿ ಯುರೋಪಿನ ಜನ ಅಲ್ಲಿ ಬಂದು ನೆಲೆಸತೊಡಗಿದಾಗ ಹೆಚ್ಚು ಭಾಗ ಕಾಡೇ ಇತ್ತು. ಬಂದವರು ಮರ ಕೊಯ್ದರು, ಉಳಿದದ್ದಕ್ಕೆ ಬೆಂಕಿಯಿಟ್ಟರು, ಬೂದಿಯ ಮೇಲೆ ಹುಲ್ಲಿನ ಬೀಜ ಚೆಲ್ಲಿ ದನ ಕುರಿ ಬಿಟ್ಟರು. 1900ರ ಹೊತ್ತಿಗೆ ಹಳೆಯ ಕಾಡು ಹೆಚ್ಚುಕಡಿಮೆ ಮುಗಿದೇ ಹೋಗಿತ್ತು. ಬೇಲಿಗೆಂದು ಹೊರಗಿನಿಂದ ತಂದಿದ್ದ ಗಾರ್ಸ್ ಎಂಬ ಮುಳ್ಳುಗಿಡ ಬೇಲಿ ಬಿಟ್ಟು ಗುಡ್ಡಕ್ಕೆ ಹಬ್ಬಿತು. ಕಡಿದರೆ ಚಿಗುರುತ್ತದೆ, ಸುಟ್ಟರೆ ಮಣ್ಣಿನೊಳಗಿನ ಬೀಜ ಮೊಳೆಯುತ್ತದೆ. ರೈತರಿಗೆ ಸಾಕೋ ಸಾಕಾಯಿತು.

1987ರಲ್ಲಿ ಅಲ್ಲಿಯ ಹಿನೆವಾಯ್ ಎಂಬಲ್ಲಿ ಒಂದು ಟ್ರಸ್ಟು 109 ಹೆಕ್ಟೇರ್, ಅಂದರೆ ಸುಮಾರು 270 ಎಕರೆ ಜಮೀನು ಕೊಂಡಿತು. ನೋಡಿಕೊಳ್ಳಲು ನಿಂತವರು ಹ್ಯೂ ವಿಲ್ಸನ್ ಎಂಬ ಸಸ್ಯಶಾಸ್ತ್ರಜ್ಞರು. ಗಾರ್ಸನ್ನು ಕೀಳದೆ ಹಾಗೇ ಬಿಡುವುದೆಂದು ಗೊತ್ತಾದಾಗ ನೆರೆಯ ರೈತರು ಹೌಹಾರಿದರು. ಕಳೆಯಿಂದ ಸೋತವರು ಅವರು, ಹೆದರಿದ್ದರಲ್ಲಿ ತಪ್ಪೇನಿದೆ?

ಆದರೆ ಒಳಗಿನ ಗುಟ್ಟು ನೋಡಿ. ಗಾರ್ಸಿಗೆ ಬಿಸಿಲು ಬೇಕು. ನಾಡಮರದ ಸಸಿಗೆ ಎಳೆತನದಲ್ಲಿ ನೆರಳು ಸಾಕು. ಹಕ್ಕಿಗಳು ಹಣ್ಣು ತಿಂದು ಮುಳ್ಳಿನ ನಡುವೆ ಬೀಜ ಉದುರಿಸಿದವು. ದನ, ಕುರಿ, ಆಡು ಒಳಗೆ ಬಾರದ್ದರಿಂದ ಸಸಿ ಉಳಿಯಿತು. ಗಾರ್ಸ್ ನಮ್ಮ ಅವರೆ, ಹುರುಳಿಯ ಕುಲದ್ದೇ, ಮಣ್ಣಿಗೆ ಸಾರಜನಕ ಕೂಡಿಸುತ್ತದೆ. ವರ್ಷಗಳು ಕಳೆದು ಮರಗಳು ಮೇಲೇರಿ ನೆರಳು ಮುಚ್ಚಿದಾಗ ಗಾರ್ಸ್ ತಾನಾಗಿ ಸತ್ತಿತು. ಇಂದು ಹಿನೆವಾಯ್ 1,200 ಹೆಕ್ಟೇರಿಗೂ ದೊಡ್ಡದು.

ಹಣ ಹೇಗೆ ಬಂತು ಅಂತೀರಾ? ಮರ ಬೆಳೆಯುವಾಗ ಗಾಳಿಯ ಇಂಗಾಲವನ್ನು ಕಟ್ಟಿಗೆಯಲ್ಲಿ ಕೂಡಿಡುತ್ತದೆ. 2008ರಿಂದ ಆ ದೇಶದಲ್ಲಿ ಈ ಇಂಗಾಲಕ್ಕೆ ಲೆಕ್ಕವಿಟ್ಟು ಬೆಲೆ ಕೊಡುವ ಕಾನೂನು ಇದೆ. 1989ರ ಕೊನೆಗೆ ಕಾಡಿರದ ನೆಲದಲ್ಲಿ, ಕನಿಷ್ಠ 1 ಹೆಕ್ಟೇರ್ ಕಾಡು ಬೆಳೆದರೆ ಅರ್ಜಿ ಹಾಕಬಹುದು. ಹಿನೆವಾಯ್ ಕೂಡ ಹೀಗೆ ಆದಾಯ ಪಡೆದಿದೆ. ಪೈನ್ ಮರ ನೆಟ್ಟರೆ ಹಣ ಬೇಗ ಬರುತ್ತದೆ. ನಾಡಕಾಡಿನದು ನಿಧಾನದ ಗಳಿಕೆ.

ಇದರಲ್ಲಿ ಒಂದು ಕಟ್ಟೂ ಉಂಟು. ಹಣ ಪಡೆದ ಮೇಲೆ ಕಾಡು ಕಡಿದು ಮತ್ತೆ ದನ ಬಿಟ್ಟರೆ ಪಡೆದದ್ದರ ಲೆಕ್ಕ ತೀರಿಸಬೇಕು. ಇಂದಿನ ಸಹಿ ಮಕ್ಕಳ ಕೈಯನ್ನೂ ಕಟ್ಟುತ್ತದೆ. ಮೇವಿಗೆ ಆಸರೆಯಾದ ಒಳ್ಳೆಯ ನೆಲವನ್ನು ಹೀಗೆ ಬಿಟ್ಟುಕೊಟ್ಟರೆ ದನಕ್ಕೇನು ಹಾಕೋದು?

ಗಾರ್ಸಿನ ಈ ಪಾಠ ನಮ್ಮ ಲಂಟಾನಕ್ಕೂ ಹೊಂದುತ್ತದೆಂದು ತಿಳಿಯಬೇಡಿ. ಗಿಡ ಬೇರೆ, ಸೀಮೆ ಬೇರೆ. ಆದರೆ ದನ ಹತ್ತಲಾರದ ಕಡಿದಾದ ಮೂಲೆಯೊಂದಿದ್ದರೆ, ಅಲ್ಲಿ ಏನು ತಾನಾಗಿ ಮೊಳೆಯುತ್ತಿದೆ ಎಂದು ಈ ಮಳೆಗಾಲದಲ್ಲಿ ಹೋಗಿ ನೋಡಿ.