ಒಬ್ಬಳೇ ಯಾಕೆ?

ಬಡ್ತಿಯ ಆರ್ಡರ್ ಹಿಡಿದು ನಾನು ಕಲ್ಕತ್ತೆಗೆ ಬಂದದ್ದು 1988ರಲ್ಲಿ. ಆಗ ನನಗೆ ಇಪ್ಪತ್ತೆಂಟು. ಊರು ಕೋಲ್ಕತಾ ಆದದ್ದು 2001ರಲ್ಲಿ, ನನ್ನ ಬಾಯಲ್ಲಿ ಈಗಲೂ ಅದು ಕಲ್ಕತ್ತೆಯೇ. ಸಾಗರದ ಕಡೆಯವಳು, ಎಂ.ಕಾಂ. ಓದಿದವಳು, ಲೆಕ್ಕದಲ್ಲಿ ಹತ್ತು ಪೈಸೆ ಹೊಂದದಿದ್ದರೆ ನಿದ್ದೆ ಬಾರದವಳು. ಡಾಲ್‌ಹೌಸಿ ಚೌಕದ ಹತ್ತಿರದ ಶಾಖೆಯಲ್ಲಿ ನನ್ನನ್ನು ವಿದೇಶಿ ವಿನಿಮಯದ ಕೌಂಟರಿಗೆ ಹಾಕಿದರು.

ಈಗಿನ ಮಕ್ಕಳಿಗೆ ಆ ಕೌಂಟರಿನ ಗತ್ತು ಹೇಳಿದರೆ ನಗುತ್ತಾರೆ. ಆಗ 'ಫೆರಾ' ಕಾಲ. 1973ರ ಆ ಕಾಯಿದೆ ಪ್ರಕಾರ ಡಾಲರ್ ಎಂದರೆ ದೇಶದ ಸ್ವತ್ತು, ಸುಮ್ಮನೆ ಊರು ನೋಡಲು ಕೊಡುವಂಥದ್ದಲ್ಲ. ಓದಲು, ಚಿಕಿತ್ಸೆಗೆ, ವ್ಯಾಪಾರಕ್ಕೆ ಹೋಗುವವರಿಗೆ ಬೇರೆ ಬೇರೆ ಲೆಕ್ಕ. ಬರೀ ಪ್ರವಾಸ ಎಂದರೆ ಸುಮಾರು 500 ಡಾಲರ್, ಅದೂ ಪ್ರತಿ ವರ್ಷ ಅಲ್ಲ. ಕೊಟ್ಟ ಮೊತ್ತವನ್ನು ಪಾಸ್‌ಪೋರ್ಟಿನ ಹಿಂದಿನ ಪುಟದಲ್ಲಿ ಬರೆದು, ಮೊಹರು ಹೊಡೆದು, ಸಹಿ ಹಾಕಬೇಕು. ಹಾಗೆ ಸಹಿ ಹಾಕುತ್ತಿದ್ದವಳು ನಾನು. ನನ್ನ ಹತ್ತಿರ ಪಾಸ್‌ಪೋರ್ಟೇ ಇರಲಿಲ್ಲ.

1989ರ ಒಂದು ಮಧ್ಯಾಹ್ನ ಒಬ್ಬ ಹೆಂಗಸು ಬಂದರು. ಅಂಚು ಸವೆದ ತಾಂತ್ ಸೀರೆ, ಕೈಯಲ್ಲಿ ಬಟ್ಟೆ ಚೀಲ, ನಿವೃತ್ತ ಶಾಲಾ ಮಾಸ್ತರಿಣಿ. ನಲವತ್ತು ವರ್ಷ ಇಂಗ್ಲಿಷ್ ಪಾಠ ಮಾಡಿದ್ದೇನೆ, ಲಂಡನ್ ಒಮ್ಮೆ ನೋಡಬೇಕು ಎಂದರು. ಕಾಗದ ಪತ್ರ ಎಲ್ಲ ಸರಿ ಇತ್ತು. ಫಾರಂ ತಿರುವುತ್ತಾ ನಾನು ನನ್ನ ಹೊಸ ಬಂಗಾಳಿಯಲ್ಲಿ ಕೇಳಿದೆ, "ಎಕಾ ಕ್ಯಾನೋ?" ಒಬ್ಬರೇ ಯಾಕೆ? ಫಾರಂನಲ್ಲಿ ಆ ಪ್ರಶ್ನೆ ಇರಲಿಲ್ಲ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಅಲ್ಲಿ ಯಾರ ಮನೆಯಲ್ಲಿ ಇಳಿಯುತ್ತೀರಿ, ಒಂದು ಪತ್ರ ತನ್ನಿ ಎಂದೆ. ಅದು ಬೇಕೇ ಬೇಕು ಅಂತೇನೂ ಇರಲಿಲ್ಲ. ಹೊಸ ಆಫೀಸರಿನ ಅತಿ ಎಚ್ಚರಿಕೆ ಅಷ್ಟೆ. "ಆಚ್ಛಾ" ಎಂದು ಚೀಲ ಎತ್ತಿಕೊಂಡು ಹೋದರು. ಮತ್ತೆ ಬರಲಿಲ್ಲ.

ಆಮೇಲೆ ಒಂದು ಭಾನುವಾರ ಹೌರಾದಿಂದ ಲೋಕಲ್ ರೈಲು ಹಿಡಿದು ಶ್ರೀರಾಮಪುರಕ್ಕೆ ಹೋದೆ. ಬಂಗಾಳಿಗಳು 'ಶ್ರೀರಾಂಪುರ್' ಎನ್ನುವ ಈ ಊರು ಹೂಗ್ಲಿ ನದಿಯ ದಂಡೆಯಲ್ಲಿದೆ. 1845ರವರೆಗೆ ಡೆನ್ಮಾರ್ಕಿನವರ ಕೈಯಲ್ಲಿತ್ತು. ಕನ್ನಡದವರಿಗೆ ಅಲ್ಲಿಗೆ ಹೋಗಲು ಒಂದು ನೆಪ ಇದೆ: ವಿಲಿಯಂ ಕೇರಿ ಬರೆದ ಕನ್ನಡ ವ್ಯಾಕರಣ 1817ರಲ್ಲಿ ಅಚ್ಚಾದದ್ದು ಅಲ್ಲಿಯ ಮಿಷನ್ ಪ್ರೆಸ್ಸಿನಲ್ಲಿ. ನಾನು ಅದೇ ನೆಪದಲ್ಲಿ ಹೋದವಳು. ಅಲ್ಲಿ ಕಾಲೇಜು ತೋರಿಸಿದ ಹಿರಿಯರೊಬ್ಬರು ವ್ಯಾಕರಣದ ಮಾತು ಬಿಟ್ಟು, "ನೀವು ಆ ಕಡೆಯವರಲ್ಲವೇ, ಆನಂದಿಬಾಯಿ ಮಾತಾಡಿದ್ದು ಇದೇ ಕಾಲೇಜಿನಲ್ಲಿ" ಎಂದರು. ಬಂಗಾಳದವರಿಗೆ ಮರಾಠಿ, ಕನ್ನಡ ಎಲ್ಲ ಒಂದೇ 'ಆ ಕಡೆ'. ತಿದ್ದಲಿಲ್ಲ. ತಿದ್ದದೇ ಇದ್ದದ್ದು ಒಳ್ಳೆಯದೇ ಆಯಿತು.

ಆನಂದಿಬಾಯಿ ಜೋಶಿ 1865ರಲ್ಲಿ ಕಲ್ಯಾಣದಲ್ಲಿ ಹುಟ್ಟಿದವಳು. ಒಂಬತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ಒಂದು ಗಂಡು ಮಗು, ಅದು ಹತ್ತು ದಿನಕ್ಕೇ ತೀರಿಕೊಂಡಿತು. ಗಂಡ ಗೋಪಾಲರಾಯರು ಅಂಚೆ ಇಲಾಖೆಯಲ್ಲಿ ಗುಮಾಸ್ತರು. ವರ್ಗವಾಗುತ್ತಾ ಆಗುತ್ತಾ ಶ್ರೀರಾಮಪುರಕ್ಕೆ ಬಂದರು. ವರ್ಗದ ನೌಕರಿಯವರ ಹೆಂಡತಿ, ಪರ ಊರು, ಪರ ಭಾಷೆ. ಇಷ್ಟು ಓದಿದಾಗಲೇ ಅವಳು ನನಗೆ ಹತ್ತಿರದವಳಾದಳು. ವೈದ್ಯ ಕಲಿಯಲು ಅಮೆರಿಕಕ್ಕೆ ಹೋಗುತ್ತೇನೆ ಎಂದು ಹೊರಟಾಗ ಊರೆಲ್ಲ ಮಾತಾಡಿತು. ಮಾತಿಗೆ ಉತ್ತರ ಕೊಡಬೇಕೆಂದು 1883ರ ಫೆಬ್ರವರಿ 24ರಂದು ಶ್ರೀರಾಮಪುರ ಕಾಲೇಜಿನಲ್ಲಿ ಸಭೆ ಮುಂದೆ ನಿಂತಳು. ವಯಸ್ಸು ಹದಿನೆಂಟೂ ತುಂಬಿರಲಿಲ್ಲ. ಜನ ಕೇಳುತ್ತಿದ್ದುದನ್ನು ಆರು ಪ್ರಶ್ನೆಗಳಾಗಿ ಮಾಡಿಕೊಂಡು ಒಂದೊಂದಕ್ಕೂ ಇಂಗ್ಲಿಷಿನಲ್ಲಿ ಉತ್ತರ ಹೇಳಿದಳು. ಅಮೆರಿಕಕ್ಕೇ ಯಾಕೆ, ಇಲ್ಲಿ ಓದಲು ಆಗದೇ, ಹಿಂದೆ ಬಂದಾಗ ಜಾತಿಯಿಂದ ಹೊರಗೆ ಹಾಕಿದರೆ ಏನು ಮಾಡುತ್ತೀ, ಹೀಗೆ. ಅದರಲ್ಲಿ ಒಂದು, ಒಬ್ಬಳೇ ಯಾಕೆ?

ಆ ಸಾಲು ಓದಿದಾಗ ಪುಸ್ತಕ ಮುಚ್ಚಿಟ್ಟೆ. ನೂರು ವರ್ಷಕ್ಕೂ ಹಳೇ ಪ್ರಶ್ನೆಯನ್ನು ನಾನು ಕೌಂಟರಿನ ಆಚೆ ನಿಂತ ಹೆಂಗಸಿಗೆ ಕೇಳಿದ್ದೆನಲ್ಲ!

ಅವಳ ಉತ್ತರದಲ್ಲಿ ನಾಟಕ ಇರಲಿಲ್ಲ, ಪೂರಾ ಮನೆ ಖರ್ಚಿನ ಲೆಕ್ಕ. ಇಬ್ಬರೂ ಹೋಗಬೇಕೆಂದೇ ಇತ್ತು, ಅಷ್ಟು ಹಣ ಇಲ್ಲ. ಗಂಡನನ್ನು ನಂಬಿ ತಾಯಿ, ಚಿಕ್ಕ ತಮ್ಮಂದಿರು ಇದ್ದಾರೆ, ಅವರನ್ನು ಯಾರು ನೋಡುವುದು? ಆ ವರ್ಷ ಏಪ್ರಿಲ್ 7ರಂದು ಕಲ್ಕತ್ತೆಯಿಂದ ಹಡಗು ಹತ್ತಿದಳು. ಜೊತೆಗೆ ಮಿಷನರಿ ಹೆಂಗಸರಿದ್ದರು, ತನ್ನವರು ಯಾರೂ ಇಲ್ಲ. ಜೂನಿನಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಎದುರುಗೊಂಡದ್ದು ಕಾರ್ಪೆಂಟರ್ ಎಂಬ ಮಹಿಳೆ, ಅದುವರೆಗೆ ಬರೀ ಪತ್ರದಲ್ಲಿ ಪರಿಚಯ. 1886ರ ಮಾರ್ಚಿನಲ್ಲಿ ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಿಂದ ಎಂ.ಡಿ. ಪದವಿ.

ಪದವಿ ಸಮಾರಂಭಕ್ಕೆ ಇಂಗ್ಲೆಂಡಿನಿಂದ ಹೋದವರು ಪಂಡಿತಾ ರಮಾಬಾಯಿ, ಆನಂದಿಯ ಸಂಬಂಧಿ. ರಮಾಬಾಯಿ ನಿಜವಾಗಿ 'ನಮ್ಮ ಕಡೆ'ಯವರು. ತಂದೆ ಕಾರ್ಕಳ ಸೀಮೆಯ ಮಾಳದವರು, ಮಗಳು ಹುಟ್ಟಿದ್ದು 1858ರಲ್ಲಿ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ. ಬರಗಾಲದಲ್ಲಿ ತಂದೆ ತಾಯಿ ಕಳೆದುಕೊಂಡು, ಅಣ್ಣನ ಜೊತೆ ನಡೆದು ನಡೆದು 1878ರಲ್ಲಿ ಕಲ್ಕತ್ತೆ ಸೇರಿದರು. 'ಸರಸ್ವತಿ' ಎಂಬ ಬಿರುದು ಕೊಟ್ಟದ್ದು ಈ ಊರೇ. 1883ರಲ್ಲಿ ಇಂಗ್ಲೆಂಡಿಗೆ ಹೋದದ್ದು ತಾವು ಬರೆದ 'ಸ್ತ್ರೀಧರ್ಮನೀತಿ' ಪುಸ್ತಕ ಮಾರಿ ಬಂದ ಹಣದಲ್ಲಿ. ಬ್ಯಾಂಕಿನವಳಾದ ನನಗೆ ಈ ವಿಷಯ ಬಹಳ ಹಿಡಿಸಿತು.

ಇದೇ ಊರಿನಿಂದ ಕಾರಣವೇ ಇಲ್ಲದೆ ಹೊರಟವರೂ ಇದ್ದಾರೆ. 1926ರ ಡಿಸೆಂಬರಿನಲ್ಲಿ ಬಿಮಲ್ ಮುಖರ್ಜಿ ಎಂಬ ಯುವಕ ಮೂವರು ಗೆಳೆಯರ ಜೊತೆ ಟೌನ್ ಹಾಲ್ ಮುಂದಿನಿಂದ ಸೈಕಲ್ ಹತ್ತಿ ಪ್ರಪಂಚ ನೋಡಲು ಹೋದರು, ವಾಪಸು ಬಂದದ್ದು 1937ರಲ್ಲಿ! ಗಂಡಸು ಹೋದರೆ ಸಾಹಸ. ಹೆಂಗಸು ಸಭೆ ಸೇರಿಸಿ ಆರು ಪ್ರಶ್ನೆಗೆ ಉತ್ತರ ಹೇಳಿ ಹೋಗಬೇಕು, ಅದೂ ಓದಲಿಕ್ಕೆ. ನೋಡಲಿಕ್ಕೆ ಎಂದಿದ್ದರೆ ಏನಾಗುತ್ತಿತ್ತೋ.

ಕಾನೂನು ಮೆಲ್ಲಗೆ ಸಡಿಲವಾಯಿತು. ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ಮರ್ಜಿ ಎಂದೇ ಇತ್ತು. 1967ರಲ್ಲಿ ಸತ್ವಂತ್ ಸಿಂಗ್ ಸಾಹ್ನಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್, ವಿದೇಶಕ್ಕೆ ಹೋಗುವುದೂ ವೈಯಕ್ತಿಕ ಸ್ವಾತಂತ್ರ್ಯದಲ್ಲೇ ಸೇರಿದೆ ಎಂದು ತೀರ್ಪು ಕೊಟ್ಟಿತು, ಅದೇ ವರ್ಷ ಪಾಸ್‌ಪೋರ್ಟ್ ಕಾಯಿದೆ ಬಂತು. ಹೋಗುವ ಹಕ್ಕು ಸಿಕ್ಕಿತು, ಡಾಲರ್ ಸಿಗಲಿಲ್ಲ. 1991ರಲ್ಲಂತೂ ದೇಶದ ಸುಮಾರು 47 ಟನ್ ಬಂಗಾರವನ್ನು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಅಡವಿಟ್ಟರು. ನಮ್ಮ ಕೌಂಟರಿನಲ್ಲಿ ಆಗ ಸಾವಿನ ಮನೆಯ ಮೌನ. ಆಮೇಲೆ ಉದಾರೀಕರಣ. 2000ದ ಜೂನ್ 1ರಿಂದ ಫೆರಾ ಹೋಗಿ ಫೆಮಾ. 2004ರಲ್ಲಿ ರಿಸರ್ವ್ ಬ್ಯಾಂಕ್, ಒಬ್ಬರು ವರ್ಷಕ್ಕೆ 25,000 ಡಾಲರ್ ತನಕ ಹೊರಗೆ ಕಳಿಸಬಹುದು ಎಂದಿತು. ಈಗ ಆ ಮಿತಿ 2,50,000. ಆ ಮಾಸ್ತರಿಣಿಗೆ 500 ಡಾಲರ್ ಕೊಡಲು ಎಷ್ಟು ಸತಾಯಿಸಿದ್ದೆ!

ನಾನು ಮೊದಲ ಸಲ ಅಮೆರಿಕಕ್ಕೆ ಹೋದದ್ದು 2014ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಬಾಣಂತನಕ್ಕೆ. ಹೋ ಚಿ ಮಿನ್ ಸರಣಿಯ ದೂತಾವಾಸದಲ್ಲಿ ವೀಸಾ ಸಲೀಸಾಗಿ ಸಿಕ್ಕಿತು. ಅಜ್ಜಿ ಆಗಲು ಹೋಗುತ್ತೇನೆ ಎಂದರೆ ಯಾವ ದೇಶವೂ ಅಡ್ಡಿ ಮಾಡುವುದಿಲ್ಲ. ಎರಡು ತಿಂಗಳು ಎಣ್ಣೆ, ನೀರು, ಮೆಣಸಿನ ಸಾರು. ಊರಿಗೆ ಬಂದಾಗ "ಅಮೆರಿಕ ನೋಡಿದ್ಯಾ ಅಕ್ಕಾ?" ಎಂದು ತಂಗಿ ಕೇಳಿದಳು. ಅಡಿಗೆ ಮನೆ ನೋಡಿದೆ ಎಂದೆ.

2018ರಲ್ಲಿ ನಮ್ಮವರು ಹೋದರು, 2020ರಲ್ಲಿ ನೌಕರಿ ಮುಗಿಯಿತು. ಸಾಗರಕ್ಕೆ ವಾಪಸು ಬಾ ಎಂದರು. ಮೂವತ್ತು ವರ್ಷ ಲೇಕ್ ಮಾರ್ಕೆಟ್ಟಿನಲ್ಲಿ ಬಾಳೆಲೆ, ಮಲ್ಲಿಗೆ, ಕಾಫಿಪುಡಿ ಕೊಂಡವಳಿಗೆ ಈ ಊರೇ ಊರಾಗಿತ್ತು. 2023ರಲ್ಲಿ ಹಳೇ ಪಾಸ್‌ಪೋರ್ಟ್ ತೆಗೆದು ನೋಡಿದರೆ ಹತ್ತು ವರ್ಷದ ವೀಸಾ ಮುಗಿಯಲು ಒಂದೇ ವರ್ಷ ಬಾಕಿ. ಹೋದರೆ ಈಗ, ಇಲ್ಲದಿದ್ದರೆ ಇಲ್ಲ.

ಮಗಳಿಗೆ ಫೋನ್ ಮಾಡಿದೆ. "ಇಲ್ಲಿಗೆ ಬಾ ಅಮ್ಮಾ, ಮುಂದಿನ ವರ್ಷ ಎಲ್ಲಾ ಸೇರಿ ಹೋಗೋಣ. ಒಬ್ಬಳೇ ಯಾಕೆ?" ಎಂದಳು. ತಮ್ಮನೂ ಅದನ್ನೇ ಕೇಳಿದ. ಕೆಳಗಿನ ಮನೆಯ ಮಾಶಿಮಾ, "ಎಕಾ?" ಎಂದು ಕಣ್ಣರಳಿಸಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಪ್ರಶ್ನೆ ನನ್ನದೇ ಆಗಿತ್ತಲ್ಲ! ಮಗಳಿಗೆ ಮಾತ್ರ ಹೇಳಿದೆ: "ಜೊತೆಗೆ ಯಾರಿದ್ದರೂ ನಾನು ಅವರಿಗೆ ಊಟ ಆಯ್ತಾ ಅಂತ ನೋಡ್ತಾ ಕೂರ್ತೀನಿ ಮಗಾ. ಒಂದು ಸಲ ಊರು ನೋಡ್ಬೇಕು."

ಅಕ್ಟೋಬರಿನಲ್ಲಿ, ಪೂಜೆಯ ಪೆಂಡಾಲು ಏಳುತ್ತಿದ್ದಾಗ, ದುಬೈ ಮೂಲಕ ನ್ಯೂಯಾರ್ಕಿಗೆ ಹೋದೆ. ಹದಿನಾಲ್ಕು ದಿನ. ದಾರಿ ತಪ್ಪಿದೆ, ಒಂದು ಸಂಜೆ ರೂಮಿನಲ್ಲಿ ಕೂತು ಅತ್ತೆ ಕೂಡ. ಬೆಳಿಗ್ಗೆ ಎದ್ದು ಗ್ರ್ಯಾಂಡ್ ಸೆಂಟ್ರಲ್‌ನಿಂದ ಹಡ್ಸನ್ ನದಿಯ ಪಕ್ಕದಲ್ಲೇ ಓಡುವ ರೈಲು ಹತ್ತಿ ಕೊನೆಯ ನಿಲ್ದಾಣ ಪೊಕೀಪ್ಸಿಯಲ್ಲಿ ಇಳಿದೆ. ಆನಂದಿಬಾಯಿ ಕ್ಷಯದಿಂದ ನವೆದು ದೇಶಕ್ಕೆ ಮರಳಿ, 1887ರ ಫೆಬ್ರವರಿ 26ರಂದು ಪುಣೆಯಲ್ಲಿ ತೀರಿಕೊಂಡಳು. ಇಪ್ಪತ್ತೆರಡೂ ತುಂಬಿರಲಿಲ್ಲ. ಕೊಲ್ಹಾಪುರದ ಆಸ್ಪತ್ರೆಯಲ್ಲಿ ಸಿಕ್ಕ ಕೆಲಸಕ್ಕೆ ಸೇರಲಾಗಲೇ ಇಲ್ಲ. ಗೋಪಾಲರಾಯರು ಅವಳ ಬೂದಿಯನ್ನು ಕಾರ್ಪೆಂಟರ್ ಅವರಿಗೆ ಕಳಿಸಿದರು. ಆಕೆ ಅದನ್ನು ಪೊಕೀಪ್ಸಿಯ ಸ್ಮಶಾನದಲ್ಲಿ ತಮ್ಮ ಮನೆಯವರ ಜಾಗದಲ್ಲೇ ಇಟ್ಟರು.

ಸಾಧಾರಣ ಕಲ್ಲು. ಹೆಸರು, ಎಂ.ಡಿ., ಎರಡು ಇಸವಿ, ಓದಲು ದೇಶ ಬಿಟ್ಟ ಮೊದಲ ಬ್ರಾಹ್ಮಣ ಹೆಂಗಸು ಎಂಬರ್ಥದ ಸಾಲು. ಉದುರಿದ ಎಲೆಗಳನ್ನು ಕೈಯಲ್ಲಿ ಸರಿಸಿದೆ. ಅವಳಿಗಿಂತ ಹೆಚ್ಚಾಗಿ ನೆನಪಾದವರು ಬಟ್ಟೆ ಚೀಲದ ಆ ಮಾಸ್ತರಿಣಿ. ಬೇರೆ ಬ್ಯಾಂಕಿಗೆ ಹೋಗಿ ಡಾಲರ್ ತೆಗೆದುಕೊಂಡು ಲಂಡನ್ ನೋಡಿ ಬಂದಿರಲಿ ಎಂದು ಮೂವತ್ತು ವರ್ಷದಿಂದ ನನಗೆ ನಾನೇ ಹೇಳಿಕೊಂಡಿದ್ದೇನೆ. ಬಂದಿರಲಿ.

ವಿಮಾನ ನಿಲ್ದಾಣದಲ್ಲಿ ಇಳಿದ ದಿನ ಕಿಟಕಿಯ ಹಿಂದಿನ ಹುಡುಗ ಬಂದ ಉದ್ದೇಶ ಏನು ಎಂದು ಕೇಳಿದ್ದ. ಊರು ನೋಡಲಿಕ್ಕೆ ಎಂದೆ. ಜೊತೆಗೆ ಯಾರು? ಯಾರೂ ಇಲ್ಲ. ಅವನು ಮುಂದೆ ಏನೂ ಕೇಳದೆ ಮೊಹರು ಹೊಡೆದು ಪಾಸ್‌ಪೋರ್ಟ್ ಕೈಗೆ ಕೊಟ್ಟ.